ಪಾರ್ಕಿಗೆ ಮೆತ್ತನೆ ಬೋರ್ಡು: ಎಷ್ಟು ಬಳುಕಿದರೆ ಸಾಕು?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 31 ವರ್ಷ. ಊರು ಹಾಸನ, ಈಗ ಸಿಯಾಟಲ್ ಪಕ್ಕದ ರೆಡ್‌ಮಂಡ್‌ನಲ್ಲಿ ಕೆಲಸ. ಮೂರು ಚಳಿಗಾಲದಿಂದ ಸ್ನೋಬೋರ್ಡ್ ಮಾಡುತ್ತಿದ್ದೇನೆ, ಹೆಚ್ಚಾಗಿ ಹತ್ತಿರದ ಸ್ನೊಕ್ವಾಲ್ಮಿ ಬೆಟ್ಟದಲ್ಲೇ: ವಾರದ ಮಧ್ಯೆ ಒಂದು ರಾತ್ರಿ, ಮತ್ತೆ ಶನಿವಾರ ಬೆಳಿಗ್ಗೆ. ನೀಲಿ ಗುರುತಿನ ಮಧ್ಯಮ ಇಳಿಜಾರುಗಳಲ್ಲಿ ಭಯವಿಲ್ಲ. ಕಳೆದ ವರ್ಷದಿಂದ ಪಾರ್ಕಿನ, ಅಂದರೆ ಜಂಪು ಬಾಕ್ಸುಗಳನ್ನು ಕಟ್ಟಿಟ್ಟ ಜಾಗದ, ಹುಚ್ಚು ಹಿಡಿದಿದೆ. ಬಾಕ್ಸ್ (ಉದ್ದನೆ ಪೆಟ್ಟಿಗೆಯಂಥದ್ದು) ಮೇಲೆ ನೇರವಾಗಿ ಜಾರುತ್ತೇನೆ, ಚಿಕ್ಕ ಜಂಪ್ ಹಾರುತ್ತೇನೆ. ಆದರೆ ನೋಸ್ ಪ್ರೆಸ್ (ಬೋರ್ಡಿನ ಮುಂದಿನ ತುದಿ ಅಂದರೆ ಮೂತಿ ಒತ್ತಿ, ಹಿಂದಿನ ತುದಿ ಅಂದರೆ ಬಾಲ ಎತ್ತಿ ಜಾರುವುದು) ಮಾಡಲು ಹೋದರೆ ಬೋರ್ಡು ಬಗ್ಗುವುದೇ ಇಲ್ಲ, ಕಾಲ ಕೆಳಗಿನಿಂದ ಜಾರಿಹೋಗುತ್ತದೆ. ಎರಡು ಸಲ ಸೊಂಟದ ಮೇಲೆ ಬಿದ್ದಿದ್ದೇನೆ. ನನ್ನ ಎತ್ತರ 157 ಸೆಂ.ಮೀ., ತೂಕ 54 ಕೆ.ಜಿ., ಬೂಟು 23.5 ಸೆಂ.ಮೀ. ಬೋರ್ಡು ಆಫೀಸಿನ ಗೆಳೆಯನಿಂದ ಕೊಂಡ 152 ಸೆಂ.ಮೀ. ಉದ್ದದ್ದು, ನಡುವಿನ ಅಗಲ 25 ಸೆಂ.ಮೀ., ಫ್ಲೆಕ್ಸ್ (ಬಿಗಿಯ ಅಂಕಿ) 10ಕ್ಕೆ 5 ಅಂತ ಬರೆದಿದೆ. ಮೆತ್ತನೆ ಬೋರ್ಡು ಕಲಿಯುವವರಿಗೆ, ಒಂದೇ ವರ್ಷಕ್ಕೆ ಬೇಸರವಾಗುತ್ತದೆ ಅನ್ನುತ್ತಾರೆ ನಮ್ಮ ಜನ. ಅಂಗಡಿಯ ಹುಡುಗ ಪಾರ್ಕಿಗೆ ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದು ಅಂತ 2 ಫ್ಲೆಕ್ಸಿನದು ತೋರಿಸಿದ. ಗೆಳತಿ 135 ತೊಗೋ ಅನ್ನುತ್ತಾಳೆ. ಹೆಂಗಸರ ಬೋರ್ಡು ಅಂದರೆ ಬಣ್ಣ ಬೇರೆ, ಅಷ್ಟೇ ಅಂತಲೂ ಕೇಳಿದೆ. ಪಾರ್ಕಿಗೂ ಉಳಿದ ಬೆಟ್ಟಕ್ಕೂ ಒಂದೇ ಬೋರ್ಡು ಬೇಕು. ಯಾವುದನ್ನು ನಂಬಲಿ?

ಉತ್ತರ: ಬೋರ್ಡಿನ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: "ಪ್ರೆಸ್ ಬಾರದೆ ಇರುವುದು ನನ್ನ ತಪ್ಪೋ, ಬೋರ್ಡಿನದೋ?" ಮೊದಲು ಅದಕ್ಕೆ ಹೇಳುತ್ತೇನೆ. ಮುಕ್ಕಾಲು ಪಾಲು ಬೋರ್ಡಿನದು. ಹದಿನಾಲ್ಕು ವರ್ಷದಿಂದ ರಿಪೇರಿ ಮೇಜಿನ ಹಿಂದೆ ನಿಂತು, ವಾರಾಂತ್ಯದಲ್ಲಿ ಹೆಣ್ಣುಮಕ್ಕಳಿಗೆ ಪಾರ್ಕು ಕಲಿಸುತ್ತಾ ಬಂದಿದ್ದೇನೆ. ನಿಮ್ಮಂಥ ಅಳತೆಯವರು ಗಂಡಸರ 152 ಹಿಡಿದು, ತಮಗೆ ಇದು ಒಲಿಯದ ವಿದ್ಯೆ ಅಂತ ಕೈಬಿಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ನೋಸ್ ಪ್ರೆಸ್‌ನಲ್ಲಿ ಆಗುವುದೇನು? ಸೊಂಟವನ್ನು ಮುಂದಿನ ಕಾಲಿನ ಮೇಲಕ್ಕೆ ತರುತ್ತೀರಿ, ಮುಂದಿನ ಮೊಣಕಾಲು ಬಗ್ಗುತ್ತದೆ, ಹಿಂದಿನ ಕಾಲು ನೆಟ್ಟಗಾಗಿ ಬಾಲ ಮೇಲೇಳುತ್ತದೆ. ಬೋರ್ಡು ಬಗ್ಗಿದರೆ ಮುಂದಿನ ಪಾದದಿಂದ ಮೂತಿಯ ತನಕ ಒಂದು ಉದ್ದದ ಪಟ್ಟಿ ಬಾಕ್ಸಿಗೆ ಅಂಟಿಕೊಂಡು ಕೂರುತ್ತದೆ. ಅದರ ಮೇಲೆ ನೀವು ನಿಲ್ಲುತ್ತೀರಿ. ಬಗ್ಗದಿದ್ದರೆ ಇಡೀ ಹಲಗೆ ಏತದ ಮರದ ಹಾಗೆ ಮೂತಿಯ ಕಡೆಗೆ ವಾಲಿ, ಅಂಗೈ ಅಗಲದ ಜಾಗದ ಮೇಲೆ ನಿಂತುಬಿಡುತ್ತದೆ. ನಯವಾದ ಪ್ಲಾಸ್ಟಿಕ್ ಬಾಕ್ಸಿನ ಮೇಲೆ ಅಷ್ಟು ಜಾಗದಲ್ಲಿ ಯಾರೂ ನಿಲ್ಲಲಾರರು. ನೀವು ಎರಡು ಸಲ ಸೊಂಟದ ಮೇಲೆ ಬಿದ್ದದ್ದು ಹೀಗೆ.

ಈಗ ಆ "10ಕ್ಕೆ 5". ಈ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲಿಲ್ಲ. ಒಂದು ಕಂಪನಿಯ 4 ಇನ್ನೊಂದರ 6ಕ್ಕಿಂತ ಬಿಗಿ ಇರಬಹುದು. ಅದಕ್ಕಿಂತ ಮುಖ್ಯ, ಗಂಡಸರ ಬೋರ್ಡಿನ ಮೇಲಿನ 5 ಅಂದರೆ ಎಪ್ಪತ್ತು ಎಂಬತ್ತು ಕೆ.ಜಿ. ಆಳಿಗೆ 5. ಅದೇ ಹಲಗೆ 54 ಕೆ.ಜಿ.ಯವರ ಕಾಲ ಕೆಳಗೆ 7ರಂತೆ ವರ್ತಿಸುತ್ತದೆ. ಜೊತೆಗೆ ನಿಮ್ಮದರ ನಡು 25 ಸೆಂ.ಮೀ. ಅಗಲ. 23.5 ಬೂಟಿನವರು ಅದರ ಮೇಲೆ ನಿಂತರೆ ಬೆರಳೂ ಹಿಮ್ಮಡಿಯೂ ಅಂಚಿನಿಂದ ಒಳಗೇ ಉಳಿಯುತ್ತವೆ. ಅಂಚು ಎತ್ತಲು ಸನ್ನೆ ಸಿಗದೆ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೇ ತಡವಾಗುತ್ತದೆ. ನಿಮ್ಮ ಬೂಟಿಗೆ 23.5ರಿಂದ 24 ಸೆಂ.ಮೀ. ನಡು ಸಾಕು.

ಹಾಗಾಗಿ "ಹೆಂಗಸರ ಬೋರ್ಡು ಅಂದರೆ ಬಣ್ಣ ಅಷ್ಟೇ" ಅನ್ನುವುದು ಸುಳ್ಳು. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ನಿಜವಾಗಿತ್ತು. 1990ರ ದಶಕದ ಆರಂಭದವರೆಗೂ ಹೆಣ್ಣುಮಕ್ಕಳಿಗೆ ಉಳಿದಿದ್ದ ದಾರಿ ಗಂಡಸರ ಚಿಕ್ಕ ಸೈಜು, ಇಲ್ಲವೇ ಮಕ್ಕಳ ಬೋರ್ಡು. ಆ ದಶಕದ ನಡುವಿನಲ್ಲಿ ಸಿಮ್ಸ್ ಕಂಪನಿ ಆಗಿನ ಹೆಸರಾಂತ ಸ್ನೋಬೋರ್ಡ್ ಆಟಗಾರ್ತಿಯರಾದ ಶ್ಯಾನನ್ ಡನ್, ಟೀನಾ ಬಾಸಿಚ್ ಹೆಸರಿನಲ್ಲಿ ಬೋರ್ಡುಗಳನ್ನು ತಂದ ಮೇಲೆ ಗಾಳಿ ಬದಲಾಯಿತು. ಇವತ್ತಿನ ಒಳ್ಳೆಯ ಹೆಂಗಸರ ಬೋರ್ಡಿನಲ್ಲಿ ನಡು ಕಿರಿದು, ತಿರುಳಿನ ಮರ ತೆಳು, ಬೈಂಡಿಂಗ್ (ಬೂಟು ಬಿಗಿಯುವ ಪಟ್ಟಿ) ತೂತುಗಳ ನಡುವಿನ ಅಂತರ ಕಡಿಮೆ. ಇದೆಲ್ಲ ತೂಕಕ್ಕೂ ಪಾದಕ್ಕೂ ಹೊಂದಿಸಿದ್ದು. ಎಂಬತ್ತು ಕೆ.ಜಿ. ತೂಗುವ, 27ರ ಬೂಟಿನ ಹೆಣ್ಣುಮಗಳು ಬಂದರೆ ನಾನೇ ಗಂಡಸರ ಬೋರ್ಡು ಕೊಡುತ್ತೇನೆ.

ನಮ್ಮ ಜನ ಹೇಳುವ "ಮೆತ್ತನೆ ಅಂದರೆ ಕಲಿಯುವವರಿಗೆ" ಅನ್ನುವ ಮಾತೂ ಅರ್ಧ ಸತ್ಯ. ಕಲಿಯುವವರ ಬೋರ್ಡು ಮೆತ್ತಗಿರುತ್ತದೆ, ಹೌದು. ರೇಲು (ಜಾರಲು ಹಾಕಿದ ಲೋಹದ ಕಂಬಿ), ಬಾಕ್ಸುಗಳ ಮೇಲೆಯೇ ದಿನ ಕಳೆಯುವ ಪಳಗಿದವರ ಬೋರ್ಡೂ ಮೆತ್ತಗೇ ಇರುತ್ತದೆ. ವ್ಯತ್ಯಾಸ ಎಲ್ಲಿ ಮೆತ್ತಗಿದೆ ಅನ್ನುವುದರಲ್ಲಿ, ಬಗ್ಗಿದ ಮೇಲೆ ಎಷ್ಟು ಚುರುಕಾಗಿ ಮರಳುತ್ತದೆ ಅನ್ನುವುದರಲ್ಲಿ. ಇದನ್ನು ಅಂಗಡಿಯಲ್ಲೇ ನಿಮ್ಮ ಕೈಯಿಂದ ನೋಡಬಹುದು, ಹೇಳುತ್ತೇನೆ.

ಬೋರ್ಡನ್ನು ಕಾರ್ಪೆಟ್ಟಿನ ಮೇಲೆ ಬಾಲ ಊರಿ ನೆಟ್ಟಗೆ ನಿಲ್ಲಿಸಿ. ಎಡಗೈಯಲ್ಲಿ ಮೂತಿ ಹಿಡಿದು, ಬಲ ಅಂಗೈಯನ್ನು ನಡುವಿಗೆ ಇಟ್ಟು, ಮೈಭಾರ ಹಾಕಿ ಒತ್ತಿ. ಕಣ್ಣು ಹಲಗೆಯ ಪಕ್ಕದ ಗೆರೆಯ ಮೇಲಿರಲಿ. ಕೆಲವು ಬೋರ್ಡುಗಳು ಎರಡು ಬೈಂಡಿಂಗ್‌ಗಳ ನಡುವೆಯೇ ಮಡಚಿಕೊಂಡು ಮೂತಿ ಬಾಲ ಎರಡೂ ನೆಟ್ಟಗೆ ಉಳಿಯುತ್ತವೆ. ಕೆಲವು ಪಾದಗಳಿಂದ ಆಚೆಗೆ ಬಗ್ಗುತ್ತವೆ, ನಡು ಸ್ವಲ್ಪ ಬಿಗಿಯಾಗಿ ತಡೆಯುತ್ತದೆ. ನಿಮಗೆ ಬೇಕಾದದ್ದು ಈ ಎರಡನೆಯ ಬಗೆ. ಕೈ ಬಿಟ್ಟಾಗ ತಟ್ಟನೆ ಎದ್ದು ಬರಬೇಕು. ಸೋಮಾರಿಯಾಗಿ ಎದ್ದರೆ ಬಾಕ್ಸಿನಿಂದ ಜಿಗಿಯುವಾಗಲೂ ಸೋಮಾರಿಯೇ. ಆಮೇಲೆ ಬಾಲವನ್ನು ಎರಡು ಶೂಗಳ ನಡುವೆ ಅದುಮಿ, ಮೂತಿಯ ಎರಡು ಬದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಉದ್ದಕ್ಕೆ ಬಗ್ಗುವುದು ಬೇರೆ, ಹೀಗೆ ತಿರುಚಿಕೊಳ್ಳುವುದು ಬೇರೆ. ಹಗುರ ಮೈಯವರಿಗೆ ನಿಧಾನ ವೇಗದಲ್ಲಿ ತಿರುವು ಸುಲಭವಾಗುವುದು ಈ ತಿರುಚುವಿಕೆಯಿಂದ. ಒಳಗಿನ ಗಾಜಿನ ನಾರು ಉದ್ದಕ್ಕೆ, ಅಡ್ಡಕ್ಕೆ ಎರಡೇ ದಿಕ್ಕಿಗೆ ಹೆಣೆದಿದ್ದರೆ ಬೋರ್ಡು ಸಲೀಸಾಗಿ ತಿರುಚುತ್ತದೆ. ಓರೆ ಎಳೆಗಳೂ ಸೇರಿದ್ದರೆ ಬಿಗಿ. ಪಾರ್ಕಿನ ಬಹುತೇಕ ಮೆತ್ತನೆ ಬೋರ್ಡುಗಳು ಮೊದಲ ಹೆಣಿಗೆಯವು. ವಿವರಪಟ್ಟಿಯಲ್ಲಿ ಬೈಯಾಕ್ಸ್ ಅಂತ ಇರುವುದು ಇದನ್ನೇ.

ಉದ್ದದ ವಿಷಯದಲ್ಲಿ ಗೆಳತಿಯ ಸಲಹೆ ಒಪ್ಪಲಾರೆ. ಚಿಕ್ಕದಾದಷ್ಟೂ ಪ್ರೆಸ್ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಾಗಿಲ ಹಿಡಿಯಿಂದ ತಳ್ಳುವುದಕ್ಕೂ ತಿರುಗಣೆಯ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಪಾದದಿಂದ ಮೂತಿಯವರೆಗೆ ಉಳಿಯುವ ಹಲಗೆಯೇ ನಿಮ್ಮ ಸನ್ನೆಕೋಲು. 135ರಲ್ಲಿ ಅದು ತೀರ ಮೊಟಕಾಗುತ್ತದೆ. ಚಿಕ್ಕ ಸೈಜು ಮೆತ್ತಗಿದ್ದರೆ ಅದಕ್ಕೆ ಮುಖ್ಯ ಕಾರಣ ಕಂಪನಿಯವರು ತಿರುಳು ತೆಳುಮಾಡಿರುವುದು. ದಪ್ಪದ ಪ್ರಭಾವ ಎಷ್ಟೆಂದರೆ, ಬರೀ ಮರದ ಹಲಗೆಯ ಲೆಕ್ಕ ಹಿಡಿದರೆ ದಪ್ಪ ಅರ್ಧವಾದಾಗ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 135 ಜಂಪಿನಿಂದ ಇಳಿಯುವಾಗ ನಿಲ್ಲಲು ಜಾಗ ಕೊಡುವುದಿಲ್ಲ, ಬೆಟ್ಟದ ಉಳಿದ ಕಡೆ ನಡುಗುತ್ತದೆ. ನಿಮ್ಮ ತೂಕಕ್ಕೆ ನಾನು 139ರಿಂದ 143ರ ನಡುವೆ ನೋಡುತ್ತೇನೆ. ಒಂದೇ ಬೋರ್ಡು ಎಲ್ಲಕ್ಕೂ ಬೇಕೆಂದಿದ್ದೀರಿ, ಹಾಗಾಗಿ 142ರ ಕಡೆಗೆ ವಾಲುತ್ತೇನೆ. ಗಲ್ಲದ ಎತ್ತರಕ್ಕೆ ಬರಬೇಕು ಅನ್ನುವ ಹಳೆಯ ಅಳತೆ ಬಿಡಿ. ಕಂಪನಿಯ ತೂಕದ ಪಟ್ಟಿ ನೋಡಿ, ಅದರ ನಡುಭಾಗದಲ್ಲಿ ನಿಮ್ಮ ತೂಕ ಬೀಳಲಿ.

ಅಂಗಡಿಯ ಹುಡುಗನ 2 ಫ್ಲೆಕ್ಸ್ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಏಕೆಂದರೆ ಅಪಾಯ ಇರುವುದು ಅಲ್ಲಿ. ಅತಿ ಮೆತ್ತನೆ ಬೋರ್ಡು ಬಾಕ್ಸಿನ ಮೇಲೆ ಬೆಣ್ಣೆ. ಜಂಪಿನ ಇಳಿತದಲ್ಲಿ ಕತೆ ಬೇರೆ. ಎರಡು ವರ್ಷದ ಹಿಂದೆ ನನ್ನ ಗುಂಪಿನಲ್ಲಿದ್ದ ಒಬ್ಬ ಹುಡುಗಿ, ನಿಮ್ಮದೇ ತೂಕ, ಅಂಥ ಬೋರ್ಡಿನಲ್ಲಿ ಮಧ್ಯಮ ಜಂಪ್ ಹಾರಿದಳು. ಹಾರಿದ್ದು ಚೆನ್ನಾಗಿಯೇ ಇತ್ತು. ಇಳಿಯುವಾಗ ಭಾರ ಒಂದು ಗೇಣು ಹಿಂದೆ ಬಿತ್ತು, ಅಷ್ಟೇ. ಸ್ವಲ್ಪ ಬಿಗಿಯ ಬಾಲ ಇದ್ದಿದ್ದರೆ ಅವಳನ್ನು ಎತ್ತಿ ಮುಂದಕ್ಕೆ ಕೊಡುತ್ತಿತ್ತು. ಅದು ಮಡಚಿಕೊಂಡಿತು, ಅವಳು ಬೆನ್ನ ಮೇಲೆ ಬಿದ್ದಳು, ಹೆಲ್ಮೆಟ್ಟಿನ ಹಿಂಭಾಗ ಹಿಮಕ್ಕೆ ಬಡಿಯಿತು. ಅವಳಿಗೆ ಏನೂ ಆಗಲಿಲ್ಲ. ಹೆಲ್ಮೆಟ್ ಎಸೆಯಬೇಕಾಯಿತು, ಬೋರ್ಡು ಬದಲಾಯಿತು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಸ್ಲೋಪ್‌ಸ್ಟೈಲ್ (ರೇಲು ಜಂಪುಗಳ ಸ್ಪರ್ಧೆ) ಮೊದಲ ಸಲ ಸೇರಿದಾಗ ಚಿನ್ನ ಗೆದ್ದ, 2018ರ ಪ್ಯೊಂಗ್‌ಚಾಂಗ್‌ನಲ್ಲೂ ಗೆದ್ದ ಜೇಮಿ ಆಂಡರ್ಸನ್ ಅಂಥವರು ಹಾರುವ ಎತ್ತರಕ್ಕೆ ಮೆತ್ತನೆ ಹಲಗೆ ನಡೆಯುವುದಿಲ್ಲ. ಪಾರ್ಕು ಅನ್ನುವುದು ಒಂದೇ ಪದ. ಬಾಕ್ಸ್ ರೇಲುಗಳ ಪಾರ್ಕು ಬೇರೆ, ಜಂಪುಗಳ ಪಾರ್ಕು ಬೇರೆ. ಬೋರ್ಡಿನಿಂದ ಅವೆರಡೂ ಕೇಳುವುದು ತದ್ವಿರುದ್ಧ.

ಮೆತ್ತನೆ ಬೋರ್ಡಿನ ಇನ್ನೊಂದು ಬೆಲೆ ವೇಗದಲ್ಲಿ ತೆರಬೇಕು. ಗಟ್ಟಿ ಹಿಮದ ಮೇಲೆ ಜೋರಾಗಿ ಇಳಿದರೆ ಮೂತಿ ಪಟಪಟ ಬಡಿದುಕೊಳ್ಳುತ್ತದೆ, ಅಂಚಿನ ಹಿಡಿತ ಸಡಿಲವಾಗುತ್ತದೆ. ಸ್ನೊಕ್ವಾಲ್ಮಿಯಲ್ಲಿ ಇದು ಸಣ್ಣ ವಿಷಯವಲ್ಲ. ನಮ್ಮ ಕ್ಯಾಸ್ಕೇಡ್ ಬೆಟ್ಟಗಳ ಒದ್ದೆ, ಭಾರದ ಹಿಮಕ್ಕೆ ಇಲ್ಲಿನವರು ಕ್ಯಾಸ್ಕೇಡ್ ಕಾಂಕ್ರೀಟ್ ಅಂತ ಹೆಸರಿಟ್ಟಿದ್ದಾರೆ. ಹಗಲು ಮಳೆ ಬಿದ್ದು ರಾತ್ರಿ ಹೆಪ್ಪುಗಟ್ಟಿದರೆ ನಿಮ್ಮ ವಾರದ ನಡುವಿನ ರಾತ್ರಿ ಪೂರ್ತಿ ಗಾಜಿನ ಮೇಲೆ ಜಾರಿದ ಹಾಗೆ.

ಈ ಕಾರಣಕ್ಕೇ ಬಳುಕಿನ ಜೊತೆ ಬೋರ್ಡಿನ ಬಾಗನ್ನೂ ನೋಡಬೇಕು. ಕ್ಯಾಂಬರ್ ಅಂದರೆ ಬಿಲ್ಲಿನಂತೆ ನಡು ಮೇಲೆದ್ದದ್ದು. ನಿಂತಾಗ ಅದು ಚಪ್ಪಟೆಯಾಗಿ ಇಡೀ ಅಂಚು ಹಿಮ ಕಚ್ಚುತ್ತದೆ, ಜಿಗಿತಕ್ಕೆ ಬಲ ಕೊಡುತ್ತದೆ. ಪ್ರತಿಯಾಗಿ, ಅಂಚು ಸಿಕ್ಕಿಕೊಂಡು ಧೊಪ್ಪನೆ ಬೀಳಿಸುವ ಸಂಭವವೂ ಹೆಚ್ಚು. ರಾಕರ್ ದೋಣಿಯ ತಳದ ಹಾಗೆ: ತುದಿಗಳು ಮೇಲೆ, ನಡು ಕೆಳಗೆ. ಬಾಕ್ಸಿನ ಮೇಲೆ ಹಾಯಾಗಿ ತಿರುಗುತ್ತದೆ, ಅಂಚು ಸಿಕ್ಕುವುದು ಕಡಿಮೆ, ಗಟ್ಟಿ ಹಿಮದಲ್ಲಿ ಹಿಡಿತವೂ ಕಡಿಮೆ. ಇವೆರಡರ ನಡುವೆ ಚಪ್ಪಟೆಯವು, ಮಿಶ್ರ ಬಾಗಿನವು ಇವೆ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲೇ, ಒಲಿಂಪಿಕ್ ಪರ್ಯಾಯದ್ವೀಪದ ಕಾರ್ಲ್ಸ್‌ಬೋರ್ಗ್‌ನಲ್ಲಿ ಕಾರ್ಖಾನೆ ಇರುವ ಮರ್ವಿನ್ ಕಂಪನಿ ಹಿಡಿತದ ಕೊರತೆಗೆ ಒಂದು ಉಪಾಯ ಮಾಡಿದೆ. ಲಿಬ್ ಟೆಕ್, ನೂ (GNU) ಹೆಸರಿನಲ್ಲಿ ಬೋರ್ಡು ಮಾಡುವವರು ಅವರೇ. ಅವರ ಬೋರ್ಡಿನ ಅಂಚು ನೇರವಿಲ್ಲದೆ ಅಲೆಅಲೆಯಾಗಿರುತ್ತದೆ, ಬ್ರೆಡ್ ಕುಯ್ಯುವ ಚಾಕುವಿನ ಹಾಗೆ. ಗಟ್ಟಿ ಹಿಮದಲ್ಲಿ ಅದು ನಿಜಕ್ಕೂ ಕಚ್ಚುತ್ತದೆ. ಆ ಉಬ್ಬುಗಳು ರೇಲಿನ ಮೇಲೆ ಸ್ವಲ್ಪ ತಡೆಯುತ್ತವೆ ಎಂದು ದೂರುವವರೂ ಇದ್ದಾರೆ. ಅಂಚು ಮೊಂಡು ಮಾಡಿಸಿದರೆ ಆ ತೊಂದರೆ ಬಹುಪಾಲು ಹೋಗುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಒಂದು, ಪೂರ್ತಿ ಮೆತ್ತನೆಯದು: ನೂ ಕಂಪನಿಯ ಬಿ-ನೈಸ್, ಬರ್ಟನ್ನಿನ ಯೇಸೇಯರ್ ಈ ಜಾತಿ. ಪ್ರೆಸ್ ಮೊದಲ ವಾರದಲ್ಲೇ ಬರುತ್ತದೆ, ನೆಲದ ಮೇಲೆ ಬೋರ್ಡನ್ನು ಬಗ್ಗಿಸಿ ತಿರುಗುವ ಬಟರಿಂಗ್ ಆಟವೆಲ್ಲ ಕೈಗೆ ಸಿಗುತ್ತದೆ. ಆದರೆ ಚಿಕ್ಕ ಜಂಪುಗಳಿಂದ ಮುಂದೆ ಹೋಗುವ ಆಸೆಯಿದ್ದರೆ ಇನ್ನೆರಡು ಚಳಿಗಾಲದಲ್ಲಿ ಅದರ ಮಿತಿ ತಟ್ಟುತ್ತೀರಿ. ಎರಡನೆಯದು, ಮೂತಿ ಬಾಲ ಮೆತ್ತಗೆ, ಪಾದಗಳ ನಡುವೆ ಒಂದಿಷ್ಟು ಬಿಗಿ ಇರುವ ನಡುದಾರಿ: ಕ್ಯಾಪಿಟಾದ ಸ್ಪೇಸ್ ಮೆಟಲ್ ಫ್ಯಾಂಟಸಿ, ನೂ ಲೇಡೀಸ್ ಚಾಯ್ಸ್ ಥರದವು. ಲೇಡೀಸ್ ಚಾಯ್ಸ್ ಸ್ವಲ್ಪ ಬಿಗಿಯ ಕಡೆಗೆ. ಪ್ರೆಸ್ ಬರಲು ನಾಲ್ಕು ವಾರ ಹೆಚ್ಚು ಬೇಕಾಗಬಹುದು, ಬೆಟ್ಟದ ಉಳಿದ ಕಡೆ ಹೆದರಿಸುವುದಿಲ್ಲ. ಮೂರನೆಯದು ಬರ್ಟನ್ ಟ್ಯಾಲೆಂಟ್ ಸ್ಕೌಟ್‌ನಂಥ ಕ್ಯಾಂಬರ್ ಬೋರ್ಡು. ಜಂಪಿಗೆ ಚೆನ್ನ, ಈಗಿನ ನಿಮ್ಮ ಹಂತಕ್ಕೆ ಬಾಕ್ಸಿನ ಮೇಲೆ ಕ್ಷಮೆ ಕಡಿಮೆ. ನಾನಾದರೆ ಎರಡನೆಯ ದಾರಿ ಹಿಡಿಯುತ್ತೇನೆ. ಹೆಸರು ಅದೇ ಇದ್ದರೂ ಕಂಪನಿಯವರು ವರ್ಷದಿಂದ ವರ್ಷಕ್ಕೆ ಒಳಗಿನದ್ದನ್ನು ಬದಲಿಸುತ್ತಾರೆ, ಅದಕ್ಕೇ ಮೇಲೆ ಹೇಳಿದ ಕೈ ಪರೀಕ್ಷೆ ಬಿಡಬೇಡಿ. ಮೂತಿ, ಬಾಲ ಒಂದೇ ಆಕಾರದ ಟ್ವಿನ್ ಆಗಿರಲಿ. ಮುಂದೆ ಹಿಂದುಮುಂದಾಗಿ ಇಳಿಯುವ ದಿನ ಬರುತ್ತದೆ.

ರೇಲಿನ ಮೇಲೆ ಮುರಿಯುತ್ತದೆಯೇ ಅನ್ನುವ ಹೆದರಿಕೆಯೂ ಇರಬಹುದು. ಮೆತ್ತಗಿದೆ ಅಂತ ಮುರಿದ ಬೋರ್ಡು ನನ್ನ ಮೇಜಿಗೆ ಬಂದದ್ದು ಅಪರೂಪ. ಬರುವುದು ಎರಡು ಪಾದಗಳ ನಡುವೆ ಬಿರುಕುಬಿಟ್ಟ ಉಕ್ಕಿನ ಅಂಚು: ರೇಲಿಗೆ ನೆಗೆಯುವಾಗ ಎತ್ತರ ಸಾಲದೆ ಅಂಚನ್ನೇ ಕುಕ್ಕಿದವರದು. ಕೂದಲೆಳೆಯ ಬಿರುಕಾಗಿದ್ದು ಅಂಚು ಎದ್ದಿಲ್ಲದಿದ್ದರೆ ಓಡಿಸಬಹುದು. ಎದ್ದರೆ ನೀರು ಒಳಗೆ ಹೋಗಿ ತಿರುಳು ಕೊಳೆಯುತ್ತದೆ, ತಕ್ಷಣ ತನ್ನಿ. ತಳಕ್ಕೆ ಎಕ್ಸ್‌ಟ್ರೂಡೆಡ್ ಅಂದರೆ ಕರಗಿಸಿ ಹಾಳೆ ಮಾಡಿದ ಪ್ಲಾಸ್ಟಿಕ್ ಸಾಕು. ಪುಡಿಯನ್ನು ಒತ್ತಿ ಮಾಡುವ ಸಿಂಟರ್ಡ್ ತಳ ಮೇಣ ಹೀರಿ ವೇಗವಾಗಿ ಓಡುತ್ತದೆ, ದುಬಾರಿ, ಮೇಣ ಹಚ್ಚುತ್ತಲೇ ಇರಬೇಕು. ರೇಲಿನ ಗೀರುಗಳನ್ನು ತುಂಬಿಸುವುದು ಮೊದಲನೆಯದರಲ್ಲೇ ಸುಲಭ. ಹೊಸದರ ಅಂಚನ್ನು ಮೂತಿ ಬಾಲಗಳ ತಿರುವಿನ ಹತ್ತಿರ ಮೊಂಡು ಮಾಡಿಸಿ, ಪಾದಗಳ ನಡುವೆ ತುಸು ಉಜ್ಜಿಸಿ. ಪಾದಗಳ ಕೆಳಗೆ ಮುಟ್ಟಬೇಡಿ ಅಂತ ಬಾಯಿಬಿಟ್ಟು ಹೇಳಿ, ರಾತ್ರಿಯ ಗಟ್ಟಿ ಹಿಮಕ್ಕೆ ಆ ಚೂಪು ಬೇಕು. ತೆಗೆದ ಉಕ್ಕು ಮರಳಿ ಬರುವುದಿಲ್ಲ.

ದುಡ್ಡಿನ ಮಾತು. ಇಂಥ ಹೊಸ ಬೋರ್ಡು ಸಾಮಾನ್ಯವಾಗಿ 400ರಿಂದ 550 ಡಾಲರ್. ಏಪ್ರಿಲ್ ಹೊತ್ತಿಗೆ ಇಳಿಯುತ್ತದೆ, ಕಾಯುವ ತಾಳ್ಮೆ ಇದ್ದರೆ ಕಾಯಿರಿ. ಹಳೆಯದು ಕೊಂಡರೆ ಪಾರ್ಕಿನಲ್ಲಿ ಸವೆದು ಮೆತ್ತಗಾದದ್ದನ್ನು ಮೆತ್ತನೆ ಬೋರ್ಡು ಅಂತ ನಂಬಬೇಡಿ. ತಿರುಳಿನ ಜೀವ ಹೋದ ಹಲಗೆ ಬಗ್ಗುತ್ತದೆ, ಎದ್ದು ಬರುವುದಿಲ್ಲ.

ಕೊಳ್ಳುವ ಮೊದಲು, ಈ ವಾರವೇ, ಖರ್ಚಿಲ್ಲದ ಒಂದು ಕೆಲಸ ಮಾಡಿ. ಟೇಪು ಹಿಡಿದು ನಿಮ್ಮ 152ರಲ್ಲಿ ಎರಡು ಬೈಂಡಿಂಗ್‌ಗಳ ನಡುಬಿಂದುಗಳ ಅಂತರ ಅಳೆಯಿರಿ. ಗಂಡಸರ ಬೋರ್ಡಿನ ಗುರುತಿಗೆ ಕೂರಿಸಿದ್ದರೆ 55 ಸೆಂ.ಮೀ. ಆಸುಪಾಸು ಇರುತ್ತದೆ. ನಿಮ್ಮ ಎತ್ತರಕ್ಕೆ ಅದು ಅಗಲವಾಯಿತು. ಕಾಲು ಅಷ್ಟು ಅಗಲಿಸಿ ನಿಂತರೆ ಸೊಂಟವನ್ನು ಮುಂದಿನ ಪಾದದ ಮೇಲೆ ತರುವುದೇ ಆಗುವುದಿಲ್ಲ, ಮೂತಿಯ ಕಡೆ ಸನ್ನೆಯೂ ಉಳಿಯುವುದಿಲ್ಲ. 49, 50ಕ್ಕೆ ತನ್ನಿ, ತೂತುಗಳು ಎಷ್ಟು ಬಿಡುತ್ತವೋ ಅಷ್ಟು. ಮುಂದಿನ ಪಾದ 15 ಡಿಗ್ರಿ ಹೊರಕ್ಕೆ, ಹಿಂದಿನದು 9ರಿಂದ 12 ಹಿಮ್ಮುಖವಾಗಿ ಇಟ್ಟು ನೋಡಿ. ಹೊಸ ಬೋರ್ಡಿಗೂ ಇದೇ ಅಳತೆ. ಬೂಟು ಬೈಂಡಿಂಗ್ ಎರಡೂ ಗಂಡಸರ ಬಿಗಿಯವಾಗಿದ್ದರೆ ಮೆತ್ತನೆ ಬೋರ್ಡಿಗೆ ಕೊಟ್ಟ ದುಡ್ಡು ಅರ್ಧ ವ್ಯರ್ಥ. ಬಳುಕೆಲ್ಲ ಪಾದದ ಕೆಳಗೆ ಸತ್ತುಹೋಗುತ್ತದೆ. ಕೈಯಲ್ಲಿ ದುಡ್ಡು ಒಂದಕ್ಕೇ ಇದ್ದರೆ ಮೊದಲು ಹಿಮ್ಮಡಿ ಏಳದಂಥ ಬೂಟು ಕೊಳ್ಳಿ.

ಬಿದ್ದದ್ದರ ಬಗ್ಗೆ: ಸ್ನೋಬೋರ್ಡಿನಲ್ಲಿ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ. ಮಣಿಕಟ್ಟಿನ ಕವಚ ಕಟ್ಟಿಕೊಳ್ಳಿ, ಸೊಂಟಕ್ಕೆ ಪ್ಯಾಡ್ ಇರುವ ಒಳಚಡ್ಡಿ ಹಾಕಿ. ಪ್ರೆಸ್ಸನ್ನು ಮೊದಲು ಮನೆಯ ಕಾರ್ಪೆಟ್ಟಿನ ಮೇಲೆ, ಆಮೇಲೆ ಹಸಿರು ಗುರುತಿನ ಸುಲಭ ಇಳಿಜಾರಿನ ಮೇಲೆ, ಕೊನೆಗೆ ನೆಲಮಟ್ಟದ ಅಗಲ ಬಾಕ್ಸಿನ ಮೇಲೆ ಮಾಡಿ. ಬಾಕ್ಸಿನ ಮೇಲೆ ತಳ ಚಪ್ಪಟೆ ಇರಲಿ, ಅಂಚಿಗೆ ಎಳ್ಳಷ್ಟು ಭಾರ ಹಾಕಿದರೂ ಜಾರುತ್ತದೆ. ಕಣ್ಣು ಬಾಕ್ಸಿನ ಕೊನೆಯ ಮೇಲಿರಲಿ.

ಹಳೆಯ 152 ಮಾರಬೇಡಿ. ರಾತ್ರಿಯಿಡೀ ಬಿದ್ದ ಹಿಮ ಮೊಣಕಾಲು ಮುಚ್ಚುವ ದಿನ ಆ ಉದ್ದ, ಆ ಅಗಲ ನಿಮ್ಮನ್ನು ತೇಲಿಸುತ್ತದೆ; 142 ಅಲ್ಲಿ ಮೂತಿ ಹೂತುಕೊಳ್ಳುತ್ತದೆ. ಬೈಂಡಿಂಗ್ ಎರಡು ತೂತು ಹಿಂದಕ್ಕೆ ಹಾಕಿ ಅದನ್ನು ಅಂಥ ದಿನಗಳಿಗೆ ಇಟ್ಟುಕೊಳ್ಳಿ.